ತೊಟ್ಟಿಲಡಿಯ ಕಪ್ಪು ಚುಕ್ಕೆ

ಫೋನು ಬಂದಾಗ ನಾನು ಜಯನಗರದ ಒಂದು ಮನೆಯಲ್ಲಿ ಅಡುಗೆಕಟ್ಟೆಯ ಕೆಳಗೆ ತಲೆ ತೂರಿಸಿಕೊಂಡು ಜಿರಳೆಗೆ ಜೆಲ್ ಇಡುತ್ತಿದ್ದೆ.

"ಮೇಡಂ, ನಮ್ಮನೇಲಿ ಒಂದು ಮರಿ ಚೇಳು ಸಿಕ್ಕಿದೆ. ದೊಡ್ಡದೇನಲ್ಲ, ಪಾಪದ್ದು. ಆದ್ರೂ ಮಗಳು ಬಾಣಂತನಕ್ಕೆ ಬರ್ತಾಳೆ, ಒಂದ್ಸಲ ಬಂದು ಔಷಧಿ ಹೊಡೆದು ಹೋಗ್ತೀರಾ?"

ಚೇಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಲೆ ಎತ್ತಿದೆ. ಕಡಪಾ ಕಲ್ಲು ನೆತ್ತಿಗೆ ಬಡಿಯಿತು. ನೋವಾಯಿತು ಎನ್ನುವುದಕ್ಕಿಂತ ಖುಷಿಯಾಯಿತು ಎಂದರೇ ನಿಜ. ಕೀಟ ನಿಯಂತ್ರಣ ಎಂದರೆ ದಿನ ಬೆಳಗಾದರೆ ಜಿರಳೆ, ಗೆದ್ದಲು, ತಿಗಣೆ. ತಿಂಗಳಾನುಗಟ್ಟಲೆ ಅದೇ ಮೂರು ಮುಖ ನೋಡಿ ನೋಡಿ ಬೇಸತ್ತಿದ್ದೆ. ನಾನು ಹುಟ್ಟಿ ಬೆಳೆದದ್ದು ಹನುಮಂತನಗರದ ಗುಡ್ಡದ ಬುಡದಲ್ಲಿ. ಬಂಡೆಯ ಸಂದಿಗೆ ಕಡ್ಡಿ ಹಾಕಿ ಚೇಳು ಎಬ್ಬಿಸಿ, ಅಮ್ಮನಿಂದ ಬೆನ್ನಿಗೆ ಬಿಸಿಬಿಸಿಯಾಗಿ ತಿಂದವಳು. ಆ ಹುಚ್ಚು ಇನ್ನೂ ಪೂರ್ತಿ ಬಿಟ್ಟಿಲ್ಲ.

ವ್ಯಾನಿನಲ್ಲಿ ಸ್ಪ್ರೇ ಹೊಡೆಯುವ ನನ್ನ ಸಹಾಯಕನಿದ್ದ, ನಾನು ಅವನನ್ನು ಅಣ್ಣ ಎಂದೇ ಕರೆಯುವುದು. ಮಡಿವಾಳದ ತಮಿಳಿನವನು, ನನಗಿಂತ ಹತ್ತು ವರ್ಷ ದೊಡ್ಡವನು, ನನ್ನ ಅವಸರ ಕಂಡರೆ ಅವನಿಗೆ ಆಗುವುದಿಲ್ಲ. ಅವನನ್ನು ಕೂರಿಸಿಕೊಂಡು ಅದೇ ಮಧ್ಯಾಹ್ನ ಗೊಟ್ಟಿಗೆರೆಗೆ ಹೋದೆ.

ಮೂರು ಅಂತಸ್ತಿನ ಮನೆ. ಮೇಲಿನವೆರಡು ಬಾಡಿಗೆಗೆ, ಕೆಳಗೆ ಮಾಲೀಕರು. ಯಜಮಾನರು ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು. ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಜೆಸಿಬಿ ಬಂಡೆ ಕೆದರುತ್ತಿತ್ತು. ಅದನ್ನು ನೋಡಿದೊಡನೆ ಅರ್ಧ ಕಥೆ ತಿಳಿಯಿತು. ಅಲ್ಲಿನ ಬಂಡೆಯಡಿಯಲ್ಲಿ ತಲೆತಲಾಂತರದಿಂದ ಇದ್ದವುಗಳಿಗೆ ಈಗ ಮನೆಯಿಲ್ಲ. ಅವು ಪಕ್ಕದ ಮನೆ ನೋಡುತ್ತಿವೆ.

ಚೇಳನ್ನು ಗಾಜಿನ ಲೋಟ ಬೋರಲು ಹಾಕಿ ಮುಚ್ಚಿಟ್ಟಿದ್ದರು. ನಾನು ನೆಲಕ್ಕೆ ಗಲ್ಲ ಹಚ್ಚಿ ನೋಡಿದೆ. ಎರಡೂವರೆ ಅಂಗುಲ, ಹಸಿ ಇಟ್ಟಿಗೆಯ ಬಣ್ಣ. ಮುಂದಿನ ಇಕ್ಕಳಗಳು ಕಡ್ಡಿಯಂತೆ ಸಣ್ಣ. ಬಾಲ ಮಾತ್ರ ದಪ್ಪ. ನನ್ನ ಮುಖದ ಮೇಲಿನ ನಗು ಅಲ್ಲಿಗೇ ಇಳಿಯಿತು.

ಯಜಮಾನರು ಮೀಸೆಯಡಿ ನಗುತ್ತಿದ್ದರು. "ನಮ್ಮ ಹೊಲದಾಗೆ ಅಂಗೈ ಅಗಲದ ಕರಿ ಚೇಳು ನೋಡಿದೀನಿ ಮೇಡಂ. ಇದೇನ್ ಬಿಡಿ, ಮರಿ."

"ಯಜಮಾನ್ರೇ, ಇದು ಮರಿಯಲ್ಲ. ಇದು ಬೆಳೆಯೋದೇ ಇಷ್ಟು. ಇದ್ರ ಮುಂದೆ ನಿಮ್ಮ ಆ ಕರಿ ಚೇಳೇ ವಾಸಿ."

ಗುರುತು ಹಿಡಿಯುವುದು ಕಷ್ಟವೇನಲ್ಲ. ಇಕ್ಕಳ ದಪ್ಪ, ಬಾಲ ಸಣ್ಣ ಇದ್ದರೆ ಅದು ತೋಳ್ಬಲದಿಂದ ಬದುಕುವ ಜಾತಿ; ಕುಟುಕಿದರೆ ಉರಿಯುತ್ತದೆ, ಸಾಮಾನ್ಯವಾಗಿ ಇಳಿಯುತ್ತದೆ. ಇಕ್ಕಳ ಸಣ್ಣ, ಬಾಲ ದಪ್ಪ ಇದ್ದರೆ ಅದು ವಿಷವನ್ನೇ ನಂಬಿಕೊಂಡ ಜಾತಿ. ಈ ಕೆಂಪು ಚೇಳು ಚಿಕ್ಕ ಮಕ್ಕಳಿಗೆ ಕುಟುಕಿದರೆ ಮೈ ಬೆವರಿ, ಕೈಕಾಲು ತಣ್ಣಗಾಗಿ, ವಾಂತಿಯಾಗಿ, ಹೃದಯಕ್ಕೇ ಪೆಟ್ಟು ಬೀಳಬಹುದು. ಸುಣ್ಣ, ಹುಣಸೆಬೀಜ, ಮಂತ್ರ ಎಂದು ಕೂರದೆ ನೇರ ಆಸ್ಪತ್ರೆಗೆ ಓಡಬೇಕು ಎಂದು ಹೇಳಿದೆ. ಯಜಮಾನರ ನಗು ನಿಂತಿತು.

ಫೋನು ಮಾಡಿದ್ದಾಕೆ, ಮನೆಯ ಅಕ್ಕ, ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದರು. "ಮಗು ಹುಟ್ಟಿ ಇವತ್ತಿಗೆ ನಾಲ್ಕು ದಿನ" ಎಂದರು. ಮಗಳು ಸದ್ಯ ಬಿಟಿಎಂ ಲೇಔಟಿನ ಅತ್ತೆಮನೆಯಲ್ಲಿದ್ದಳು. ಹನ್ನೊಂದು ದಿನ ಕಳೆದು ಪುಣ್ಯಾಹವಾದ ಮೇಲೆ, ಹನ್ನೆರಡನೆಯ ದಿನ ತವರಿಗೆ ಬರುವುದೆಂದು ಮಾತಾಗಿತ್ತು. ಮೂರು ತಿಂಗಳ ಬಾಣಂತನ. ಮೊದಲ ಮೊಮ್ಮಗು.

ನಾನು ಮನೆ ಸುತ್ತಿದೆ. ಹಿತ್ತಿಲಿಗೆ ಬಂದಾಗ ನಿಂತುಬಿಟ್ಟೆ. ಬಚ್ಚಲುಮನೆಯ ಪಕ್ಕದ ಗೋಡೆಗೆ ಆತುಕೊಂಡು ಎದೆಮಟ್ಟದ ಸೌದೆಯ ಒಟ್ಟು: ತೆಂಗಿನ ಗರಿ, ಮಟ್ಟೆ, ಗೋಣಿಚೀಲಗಟ್ಟಲೆ ಕರಟ, ಹಳೆಯ ಮನೆಯ ತೊಲೆಯ ತುಂಡು. ಬಾಣಂತಿಗೆ ಹಂಡೆ ಒಲೆಯಲ್ಲಿ ಕಾಯಿಸಿದ ನೀರನ್ನೇ ಹುಯ್ಯಬೇಕೆಂದು ಅಕ್ಕ ಐದು ತಿಂಗಳಿನಿಂದ ನೆಂಟರ ಮನೆಗಳಿಂದೆಲ್ಲ ತರಿಸಿ ಪೇರಿಸಿದ್ದರು. ನೆರಳು, ತಂಪು, ಸಂದಿ, ಸಂದಿಯಲ್ಲಿ ತಿನ್ನಲು ಜಿರಳೆ. ಚೇಳಿಗೆ ಇದಕ್ಕಿಂತ ಒಳ್ಳೆಯ ಮನೆಯನ್ನು ನಾನೇ ಕಟ್ಟಿಕೊಡಲಾರೆ. ಆ ಗೋಡೆಯ ಆಚೆ ಬದಿಯೇ ಬಾಣಂತಿಯ ಕೋಣೆ.

ಇಲ್ಲಿ ನಾನು ತಪ್ಪು ಮಾಡಿದೆ. ಅವಸರದ ತಪ್ಪು. ಮೊಮ್ಮಗುವಿಗೇನಾದೀತೋ ಎಂದು ಹೆದರಿದ ಈ ಅಕ್ಕನಿಗೆ ಇವತ್ತೇ ಏನಾದರೂ ಮಾಡಿ ತೋರಿಸಬೇಕು ಅನ್ನಿಸಿತು.

"ಸೌದೆ ಒಟ್ಟಿನ ಸುತ್ತ ಹೊಡಿ ಅಣ್ಣ, ಚೆನ್ನಾಗಿ ನೆನೆಯೋ ಹಂಗೆ" ಎಂದೆ.

ಅಣ್ಣ ಪೈಪು ಹಿಡಿದು ನಿಂತ. "ಮೇಡಂ, ಬಿಚ್ಚಿ ನೋಡ್ದೇನೇ ಹೊಡೆಯೋದಾ?"

"ಹೊಡಿ ಅಂದ್ನಲ್ಲ."

ಅವನು ಹೊಡೆದ. ನಾವು ಬಂದೆವು. ಅಕ್ಕ ಕಾಫಿ ಕೊಟ್ಟು, ದೊಡ್ಡ ಉಪಕಾರವಾಯಿತೆಂದು ಎರಡು ತೆಂಗಿನಕಾಯಿ ಬೇರೆ ಕೈಗಿಟ್ಟರು.

ಮಾರನೆಯ ಬೆಳಿಗ್ಗೆ ಏಳಕ್ಕೇ ಫೋನು. ಈ ಸಲ "ಮೇಡಂ" ಇರಲಿಲ್ಲ.

"ಏನಮ್ಮಾ ನೀನು ಮಾಡಿರೋದು? ಒಂದಿತ್ತು, ಈಗ ಐದು! ಬಕೆಟ್ಟಲ್ಲೊಂದು, ಬಾಗ್ಲಿಂದೆ ಒಂದು, ಸುತ್ತಿಟ್ಟ ಚಾಪೇಲೊಂದು, ಬಚ್ಚಲು ಗೋಡೇಲಿ ಎರಡು! ನಮ್ಮೆಜಮಾನ್ರು ಚಪ್ಪಲಿ ಮೆಟ್ಟಿದ್ದಕ್ಕೆ ಉಳಕೊಂಡ್ರು!"

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಆ ದೊಣ್ಣೆ ಬೀಸಿದವಳು ನಾನೇ. ಚೇಳಿನ ಮೈಮೇಲೆ ಗಟ್ಟಿ ಚಿಪ್ಪು, ಅದು ನೆಲಕ್ಕೆ ಹೊಟ್ಟೆ ತಾಗಿಸದೆ ನಡೆಯುತ್ತದೆ. ನೆಲಕ್ಕೆ, ಸೌದೆಗೆ ಹೊಡೆದ ಔಷಧಿ ಅದನ್ನು ಸುಲಭಕ್ಕೆ ಕೊಲ್ಲುವುದಿಲ್ಲ, ಕೆಣಕುತ್ತದೆ ಅಷ್ಟೆ. ಇದು ನನಗೆ ಗೊತ್ತಿಲ್ಲದ ವಿಷಯವೂ ಅಲ್ಲ. ವ್ಯಾನಿನಲ್ಲಿ ಅಣ್ಣ ಮೆಲ್ಲಗೆ ಹೇಳಿದ: "ನಾವು ಕದ ತಟ್ಟಿ ಎಬ್ಬಿಸಿದ್ವಿ ಮೇಡಂ. ಅವು ಎದ್ದು ಒಳಗೆ ಹೋದ್ವು." ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮನೆಗೆ ಹೋದರೆ ಅಕ್ಕ ಹಜಾರದಲ್ಲಿ ನೆಲಕ್ಕೆ ಕಾಲೂರದೆ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕಣ್ಣು ಕೆಂಪಗಿತ್ತು. ಗಾಬರಿಯಲ್ಲಿ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟಿದ್ದರು, ಮಗಳ ಪಕ್ಕದಲ್ಲೇ ಇದ್ದ ಬೀಗಿತ್ತಿ ಫೋನು ಇಸಕೊಂಡು, "ಚೇಳಿನ ಗೂಡಿಗೆ ನಮ್ಮ ಮಗೂನ ಕಳಿಸೋಕಾಗಲ್ಲ. ಬಾಣಂತನ ಇಲ್ಲೇ ಆಗ್ಲಿ" ಎಂದಿದ್ದರಂತೆ.

"ಅವ್ರು ಹೇಳಿದ್ದು ತಪ್ಪು ಅನ್ನೋಕಾಗುತ್ತಾ?" ಎಂದರು ಅಕ್ಕ. "ನನಗೆ ಬಾಣಂತನ ಮಾಡೋಕೆ ತಾಯಿ ಇರ್ಲಿಲ್ಲ ಕಣಮ್ಮ. ಹದಿನೈದು ದಿನಕ್ಕೆ ಕಳೆ ಕೀಳೋಕೆ ಹೋದೆ. ನನ್ನ ಮಗಳಿಗಾದ್ರೂ ಮೂರು ತಿಂಗಳು ಕೂರಿಸಿ ನೀರು ಹಾಕ್ಬೇಕು ಅಂತ, ಆ ಒಂದೊಂದು ಕರಟಾನೂ ನಾನೇ ಆರಿಸಿಟ್ಟಿದ್ದು."

ಕ್ಷಮೆ ಕೇಳಿದೆ. ಕೇಳಿದ ಮೇಲೆ ಸುಮ್ಮನೆ ಎದ್ದುಬರುವ ಜಾಯಮಾನ ನನ್ನದಲ್ಲ. "ಅಕ್ಕ, ಏಳು ದಿನ ಇದೆ. ಒಂದು ಹನಿ ಔಷಧಿ ಹೊಡೆಯಲ್ಲ. ಮೊದ್ಲು ಎಷ್ಟಿವೆ ಅಂತ ಎಣಿಸ್ತೀನಿ. ಒಂದೂ ಇಲ್ಲ ಅಂತಾದ ಮೇಲೆ ನಾನೇ ನಿಮ್ಮ ಬೀಗಿತ್ತಿ ಹತ್ರ ಮಾತಾಡ್ತೀನಿ" ಎಂದೆ.

"ಕತ್ಲಲ್ಲಿ ಅಡಗೋ ಪ್ರಾಣೀನ ಹೆಂಗಮ್ಮಾ ಎಣಿಸ್ತೀಯ?"

ನನ್ನ ಚೀಲದಲ್ಲಿ ಒಂದು ನೇರಳೆ ಬೆಳಕಿನ ಟಾರ್ಚು ಇತ್ತು. ಗೋದಾಮುಗಳಲ್ಲಿ ಇಲಿಯ ಉಚ್ಚೆಯ ಕಲೆ ಹುಡುಕಲು ಇಟ್ಟುಕೊಂಡದ್ದು. ಆ ಬೆಳಕು ಬಿದ್ದರೆ ಚೇಳಿನ ಚಿಪ್ಪು ಹಸಿರಾಗಿ ಹೊಳೆಯುತ್ತದೆ. ಓದಿ ತಿಳಿದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಸಂಜೆಯಾಗುವುದನ್ನೇ ಕಾದೆ, ಹಬ್ಬದ ಹಿಂದಿನ ದಿನದ ಮಕ್ಕಳ ಹಾಗೆ ಕೂತಲ್ಲಿ ಕೂರಲಾಗಲಿಲ್ಲ.

ದೇವರಿಗೆ ದೀಪ ಹಚ್ಚಿ, ಹೊರಗಿನ ಲೈಟುಗಳನ್ನು ಆರಿಸಿದರು. ನಾನು ಮುಂಬಾಗಿಲಲ್ಲಿ ಬಗ್ಗಿ ಟಾರ್ಚು ಒತ್ತಿದೆ. ಇಡೀ ಹೊಸಿಲು ಹಳದಿ ಹಸಿರಾಗಿ ಭಗ್ಗೆಂದು ಹೊಳೆಯಿತು!

"ಅಯ್ಯಯ್ಯೋ, ಹಿಂದೆ ಸರೀರಿ!" ಎಂದು ಕಿರುಚಿ ಎರಡು ಹೆಜ್ಜೆ ಹಾರಿದೆ. ಅಣ್ಣನ ಕಾಲು ತುಳಿದೆ. ನೂರಾರು ಚೇಳು ಒಟ್ಟಿಗೆ ಮಲಗಿವೆ ಎಂದೇ ನನ್ನ ಲೆಕ್ಕ.

ಅಕ್ಕ ಬಗ್ಗಿ ನೋಡಿದರು. "ಅರಿಶಿನ ಕಣಮ್ಮ. ಬೆಳಿಗ್ಗೆ ಹೊಸಿಲಿಗೆ ಹಚ್ಚಿದ್ದು."

ಹೌದು, ಅರಿಶಿನವೂ ಆ ಬೆಳಕಿಗೆ ಹೊಳೆಯುತ್ತದೆ. ಬೆಳಗಿನಿಂದ ಅಳುತ್ತಿದ್ದ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಹಿತ್ತಿಲಿಗೆ ಬರುವ ತನಕ ನಗುತ್ತಲೇ ಇದ್ದೆವು.

ಸೌದೆಯ ಒಟ್ಟಿನ ಮೇಲೆ ಬೆಳಕು ಹಾಯಿಸಿದಾಗ ನಗು ನಿಂತಿತು. ಕತ್ತಲೆಯಲ್ಲಿ ಒಂದು ಹಸಿರು. ಅದರ ಪಕ್ಕ ಇನ್ನೊಂದು. ಮಟ್ಟೆಯ ಅಂಚಿನಲ್ಲಿ, ಗೋಣಿಚೀಲದ ಬಾಯಲ್ಲಿ, ಗೋಡೆಯ ಬಿರುಕಿನಲ್ಲಿ. ಬಾಲದ ಒಂದೊಂದು ಗಂಟೂ ಎಣಿಸುವಷ್ಟು ಸ್ಪಷ್ಟ. ಭಯವಾಗಬೇಕಿತ್ತು, ನನಗೆ ಮೈಯೆಲ್ಲ ಜುಮ್ಮೆಂದು ಹೊಟ್ಟೆಯೊಳಗಿಂದ ಸಂತೋಷ ಉಕ್ಕಿತು. ಇಷ್ಟು ವರ್ಷ ಬಂಡೆ ಸಂದಿಯಲ್ಲಿ ಕಡ್ಡಿ ಹಾಕಿ ಹುಡುಕಿದ್ದು ಈಗ ತಾನಾಗಿ ದೀಪ ಹಚ್ಚಿಕೊಂಡು ಕೂತಿದೆ. ಎಣಿಸಿದೆವು: ಹದಿನೇಳು. ಅಕ್ಕ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಿದ್ದರು. "ಇಷ್ಟು ದಿನ ಇದ್ರ ಮೇಲೆ ಕೈ ಇಟ್ಟಿದ್ನಾ ನಾನು?" ಎಂದರು.

ಉದ್ದನೆಯ ಚಿಮಟದಲ್ಲಿ ಬಾಲ ಹಿಡಿದು, ಸೋಪಿನ ನೀರು ತುಂಬಿದ ಡಬ್ಬಕ್ಕೆ ಅಂದೇ ಒಂಬತ್ತನ್ನು ಹಾಕಿದೆ. ಉಳಿದವು ಒಳಕ್ಕೆ ಜಾರಿದವು.

ಮರುದಿನ ಸೌದೆಯ ಒಟ್ಟು ಬಿಚ್ಚಬೇಕೆಂದಾಗ ಜಗಳ ಶುರುವಾಯಿತು. "ಎಲ್ಲಾ ಗಾಡಿಗೆ ಹಾಕಿ ಕಳಿಸಿಬಿಡಿ, ಗೀಸರ್ ಇದೆಯಲ್ಲ" ಎಂದೆ.

"ಗೀಸರ್ ನೀರು ಬಾಣಂತಿಗೆ ಹಾಕ್ತಾರಾ? ಕೂದಲು ಒಣಗಿಸೋ ಸಾಂಬ್ರಾಣಿಗೆ ಕೆಂಡ ಗೀಸರಿಂದ ತೆಗೀತೀಯಾ?"

ಯಜಮಾನರು ನನ್ನ ಕಡೆ ನೋಡಿ, ಈ ವಿಷಯದಲ್ಲಿ ತಾವೂ ಎಂದೂ ಗೆದ್ದಿಲ್ಲ ಎಂಬಂತೆ ಕೈಯಾಡಿಸಿದರು. ಸೌದೆ ಹೋಗುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ, ಸೌದೆಯೂ ಉಳಿಯಬೇಕು, ಚೇಳೂ ಹೋಗಬೇಕು ಎಂಬ ದಾರಿ ಹುಡುಕಬೇಕಾಯಿತು. ಹಠ ಬಿಟ್ಟು ಯೋಚಿಸಿದರೆ ದಾರಿ ಸಿಗುತ್ತದೆ. ಕಬ್ಬಿಣದ ಒಂದು ಸ್ಟ್ಯಾಂಡು ತರಿಸಿ, ಮನೆಯ ಗೋಡೆಯಿಂದ ದೂರ, ಬಿಸಿಲು ಬೀಳುವ ಕಾಂಪೌಂಡ್ ಮೂಲೆಯಲ್ಲಿ ನಿಲ್ಲಿಸಿದೆ. ಕಾಲುಗಳಿಗೆ ನುಣ್ಣನೆಯ ಪೈಪು ತೊಡಿಸಿದೆ; ನುಣುಪಾದದ್ದನ್ನು ಚೇಳು ಹತ್ತಲಾರದು. ದಪ್ಪ ಕೈಗವಸು, ಗಂಬೂಟು ಹಾಕಿಕೊಂಡು ನಾನೂ ಅಣ್ಣನೂ ಒಂದೊಂದೇ ಗರಿ, ಒಂದೊಂದೇ ಮಟ್ಟೆ ತೆಗೆದು, ಚಿಮಟದಿಂದ ತಿರುಗಿಸಿ, ನೆಲಕ್ಕೆ ಕುಟ್ಟಿ, ಸ್ಟ್ಯಾಂಡಿಗೆ ಸಾಗಿಸಿದೆವು. ಕರಟವನ್ನೆಲ್ಲ ಬಿಸಿಲಿಗೆ ಹರಡಿ ಮುಚ್ಚಳದ ಡ್ರಮ್ಮಿಗೆ ತುಂಬಿದೆವು. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಮುರಿಯುವ ಕೆಲಸ. ಒಟ್ಟಿನ ತಳದ ತೊಲೆಯ ತುಂಡು ಎತ್ತಿದಾಗ ಅಡಿಯಲ್ಲಿ ನಾಲ್ಕು ಒಟ್ಟಿಗೆ ಸಿಕ್ಕವು. ಅಣ್ಣ ತಮಿಳಿನಲ್ಲಿ ಏನೋ ಬೈದು, ಸ್ವಾಮಿಗೊಂದು ಹರಕೆ ಹೊತ್ತ.

ಮುಂದಿನ ದಿನಗಳು ಸಂದಿ ಮುಚ್ಚುವ ದಿನಗಳು. ಬಾಣಂತಿ ಕೋಣೆಯ ಗೋಡೆಯ ಬಿರುಕಿಗೆ ಸಿಮೆಂಟು, ಬಚ್ಚಲ ಮೋರಿಗೆ ಸಣ್ಣ ಕಣ್ಣಿನ ಜಾಲರಿ, ಹಿತ್ತಿಲ ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ, ಚೇಳಿಗೆ ಊಟವಾಗಿದ್ದ ಜಿರಳೆಗೆ ಜೆಲ್. ಮುಂಬಾಗಿಲಿಗೂ ರಬ್ಬರ್ ಹೊಡೆಯಲು ಹೋದಾಗ ಅಕ್ಕ ತಡೆದರು. ದೀಪ ಹಚ್ಚುವ ಹೊತ್ತಿನಲ್ಲಿ ಮುಂಬಾಗಿಲು ತೆರೆದಿರಬೇಕು, ಲಕ್ಷ್ಮಿ ಬರುವ ಹೊತ್ತು. ಚೇಳು ಹೊರಡುವ ಹೊತ್ತೂ ಅದೇ. ಹೊಸಿಲಿಗೆ ಮೊಳೆ ಹೊಡೆಯುವುದಂತೂ ಕೂಡದು. ಕೊನೆಗೆ ಮೊಣಕಾಲೆತ್ತರದ ನುಣ್ಣನೆಯ ಸ್ಟೀಲಿನ ಹಲಗೆಯೊಂದನ್ನು ಬಾಗಿಲ ಚೌಕಟ್ಟಿಗೆ ಸಿಕ್ಕಿಸಿ ತೆಗೆಯುವ ಹಾಗೆ ಮಾಡಿಸಿದೆ.

"ಲಕ್ಷ್ಮಿ ದಾಟ್ಕೊಂಡು ಬರ್ತಾಳೆ ಅಕ್ಕ, ಚೇಳು ದಾಟಲ್ಲ."

"ಬಾಯಿ ಮಾತ್ರ ಚೆನ್ನಾಗಿದೆ ನಿಂಗೆ" ಎಂದರು. ಆದರೆ ಒಪ್ಪಿದರು.

ಪ್ರತಿ ಸಂಜೆ ಎಣಿಕೆ. ಒಟ್ಟು ಬಿಚ್ಚಿದ ಸಂಜೆ ಐದು, ಅದರ ಮಾರನೆಗೆ ಎರಡು, ಆಮೇಲೆ ಒಂದು. ಒಂಬತ್ತನೆಯ ದಿನ ಇಡೀ ಹಿತ್ತಿಲು ಕಪ್ಪಗಿತ್ತು. ಹತ್ತನೆಯ ದಿನವೂ ಕಪ್ಪು. ಹಿಂದಿನ ಸೈಟಿನ ಕಡೆಯ ಕಾಂಪೌಂಡ್ ಗೋಡೆಯನ್ನೂ ಅಂಗುಲ ಅಂಗುಲ ಬಿಡದೆ ನೋಡಿದೆ. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಹನ್ನೊಂದನೆಯ ಸಂಜೆಯೂ ಸೊನ್ನೆ. ಹಿತ್ತಿಲ ಗೋಡೆಗೆ ಒಂದು ಮರದ ತೊಟ್ಟಿಲು ಒರಗಿತ್ತು. ನಾಲ್ಕಾರು ಮಕ್ಕಳು ಆಡಿ ಬೆಳೆದ ತೊಟ್ಟಿಲೇ ಶುಭವೆಂದು ಹಿಂದಿನ ದಿನ ನೆಂಟರ ಮನೆಯಿಂದ ತರಿಸಿ, ಬೆಳಿಗ್ಗೆ ಅರಿಶಿನದ ನೀರಲ್ಲಿ ತೊಳೆದು ಒಣಗಲು ಇಟ್ಟಿದ್ದರು. ಟಾರ್ಚಿಗೆ ಅದು ಅಡಿಯಿಂದ ಮುಡಿಯವರೆಗೆ ಹೊಸಿಲಿನ ಹಾಗೆಯೇ ಹೊಳೆಯಿತು. "ನೋಡಿ ಅಕ್ಕ, ನಿಮ್ಮ ಅರಿಶಿನ ಮತ್ತೆ ಹೆದರಿಸ್ತಿದೆ" ಎಂದು ನಕ್ಕು ಮುಂದೆ ಹೋದೆ.

ಅಲ್ಲಿಯೇ ನಿಂತು ಫೋನಿನಲ್ಲಿ ಬೀಗಿತ್ತಿಯ ಜೊತೆ ಮಾತಾಡಿದೆ. ಗಟ್ಟಿ ಹೆಂಗಸು. "ಬರೆದುಕೊಡ್ತೀರಾ?" ಎಂದು ಕೇಳಿದರು. ಮೂರು ಸಂಜೆ ಹುಡುಕಿದೆ, ಒಂದೂ ಕಂಡಿಲ್ಲ ಎಂದು ಬರೆದು, ಸಹಿ ಹಾಕಿ, ಫೋಟೋ ತೆಗೆದು ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು: ನಾಳೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಬರ್ತೀವಿ. ಅಕ್ಕ ಎರಡೂ ಕೈಯಲ್ಲಿ ನನ್ನ ಮುಖ ಸವರಿ ನೆಟಿಗೆ ಮುರಿದರು.

ಹನ್ನೆರಡನೆಯ ದಿನ ಕೆಲಸವೇನೂ ಇರಲಿಲ್ಲ. ಊಟಕ್ಕೆ ಬಾ ಎಂದಿದ್ದರು, ಹೋದೆ. ಹೋಳಿಗೆ ತಿಂದು ನಾಲ್ಕು ಗಂಟೆಗೆ ಹೊರಡುವ ಮುನ್ನ ಕೋಣೆ ತೋರಿಸಿದರು. ಗಾಳಿ ಆಡಬಾರದೆಂದು ಕಿಟಕಿಗೆ ದಪ್ಪ ಪರದೆ, ಹಾಡಹಗಲೇ ಕತ್ತಲು. ಮೂಲೆಯಲ್ಲಿ ಒಗೆದು ಮಡಿಸಿದ ಹಳೆಯ ಸೀರೆ, ಪಂಚೆಯ ತುಂಡುಗಳು. ನಡುವೆ ಆ ತೊಟ್ಟಿಲು. ರಾತ್ರಿಯೆಲ್ಲ ಹೊರಗೇ ಇದ್ದದ್ದನ್ನು ಬೆಳಿಗ್ಗೆ ಒಳಗೆ ತಂದು ತೂಗುಹಾಕಿದ್ದರು.

ಕತ್ತಲು ಕಂಡರೆ ನನ್ನ ಕೈ ತಾನಾಗಿ ಟಾರ್ಚಿಗೆ ಹೋಗುತ್ತದೆ. ಸುಮ್ಮನೆ, ಚಟಕ್ಕೆ, ಒತ್ತಿದೆ. ಸೋಪಿನ ಪುಡಿಯಲ್ಲಿ ಒಗೆದ ಬಟ್ಟೆಗಳು ನೀಲಿಬಿಳಿಯಾಗಿ ಬೆಳಗಿದವು. ತೊಟ್ಟಿಲು ಅರಿಶಿನದಲ್ಲಿ ಬೆಳಗಿತು. ಆರಿಸಬೇಕು ಅನ್ನುವಾಗ ಬಗ್ಗಿ ತೊಟ್ಟಿಲ ಅಡಿಗೂ ಒಮ್ಮೆ ಹಾಯಿಸಿದೆ. ಅಲ್ಲೂ ಅದೇ ಹೊಳಪು. ಆದರೆ ಅಡಿಹಲಗೆಯೂ ಚೌಕಟ್ಟೂ ಕೂಡುವ ಸಂದಿಯಲ್ಲಿ, ಆ ಹೊಳಪಿನ ನಡುವೆ, ಹುಣಸೆಬೀಜದಷ್ಟು ಒಂದು ಕಪ್ಪು ಚುಕ್ಕೆ.

ಒಂದು ವಾರದಿಂದ ನಾನು ಕಪ್ಪಿನಲ್ಲಿ ಹೊಳಪು ಹುಡುಕುತ್ತಿದ್ದೆ. ಹೊಳಪಿನಲ್ಲಿ ಕಪ್ಪು ಏಕಿದೆ? ಅರಿಶಿನ ತಾಗದ ಗಂಟಿರಬಹುದು ಅಂದುಕೊಂಡೆ. ಮನಸ್ಸು ಒಪ್ಪಲಿಲ್ಲ. ಟಾರ್ಚು ಬದಲಿಸಿ ಮಾಮೂಲಿ ಬೆಳಕು ಬಿಟ್ಟೆ.

ಕೆಂಪು ಚೇಳು. ಹೆಣ್ಣು. ಬೆನ್ನಿನ ತುಂಬ ಅಕ್ಕಿಕಾಳಿನಂಥ ಬಿಳಿ ಮರಿಗಳು, ಇಪ್ಪತ್ತಕ್ಕೂ ಮೇಲೆ, ಒಂದರ ಮೇಲೊಂದು ಹತ್ತಿ ಕೂತಿದ್ದವು. ಹುಟ್ಟಿದ ಮರಿಗಳಿಗೆ ಮೊದಲ ಪೊರೆ ಕಳಚುವ ತನಕ ಆ ಹೊಳಪು ಬರುವುದಿಲ್ಲ. ತಾಯಿಯ ಹಸಿರು ಅರಿಶಿನದ ಹಸಿರಲ್ಲಿ ಬೆರೆತುಹೋಗಿತ್ತು. ಹೊಳೆಯದ ಮರಿಗಳೇ ಅವಳನ್ನು ಹಿಡಿದುಕೊಟ್ಟವು.

ಬರೆದುಕೊಟ್ಟ ಕಾಗದ ನೆನಪಾಯಿತು. ನಿನ್ನೆ ಸಂಜೆ ನಕ್ಕು ಮುಂದೆ ಹೋದದ್ದು ನೆನಪಾಯಿತು. ಅವಳಿದ್ದ ಸೌದೆಯ ಒಟ್ಟು ಬಿಚ್ಚಿದವಳು ನಾನು, ಬಿರುಕು ಮುಚ್ಚಿದವಳು ನಾನು. ಹೆರಿಗೆಯ ಹೊತ್ತಿಗೆ ಅವಳಿಗೆ ಸಿಕ್ಕ ಒಂದೇ ಒಂದು ಸಂದಿ ಈ ತೊಟ್ಟಿಲಿನದು. ಇನ್ನು ಮೂರು ಗಂಟೆಯಲ್ಲಿ ಅದರೊಳಗೆ ಮಗು ಮಲಗುತ್ತಿತ್ತು.

ಅಕ್ಕನನ್ನು ಕರೆದೆ. ಚೀರುತ್ತಾರೆ ಅಂದುಕೊಂಡಿದ್ದೆ. ಅವರು ಬಗ್ಗಿ, ಉಸಿರು ಹಿಡಿದು ಬಹಳ ಹೊತ್ತು ನೋಡಿದರು. "ಚೇಳಿನ ಮರಿ ತಾಯಿ ಹೊಟ್ಟೆ ಒಡಕೊಂಡು ಬರ್ತವೆ, ತಾಯೀನೇ ತಿಂತವೆ ಅಂತಾರಲ್ಲ?"

"ಸುಳ್ಳು ಅಕ್ಕ. ಪೊರೆ ಬಿಡೋ ತನಕ ಹಿಂಗೇ ಹೊತ್ಕೊಂಡಿರ್ತಾಳೆ."

"ಹಂಗಾದ್ರೆ ಇವಳೂ ಬಾಣಂತಿ" ಎಂದರು.

ದೊಡ್ಡ ಗಾಜಿನ ಜಾಡಿಯನ್ನು ಸಂದಿಗೆ ಹಿಡಿದು, ಗರಿಯ ಕಡ್ಡಿಯಿಂದ ಮೆಲ್ಲಗೆ ನೂಕಿದೆ. ಚಿಮಟದಲ್ಲಿ ಹಿಡಿದರೆ ಮರಿಗಳು ಚೆದುರಿ ಕೋಣೆ ತುಂಬಿಬಿಡುತ್ತವೆ, ಒಂದೂ ಬೀಳಬಾರದು. ಬಾಲ ಎತ್ತಿದಳು, ಒಂದು ಹೆಜ್ಜೆ ಇಟ್ಟಳು, ನಿಂತಳು. ನನ್ನ ಹಣೆಯ ಬೆವರು ಕಣ್ಣಿಗಿಳಿಯಿತು, ಒರೆಸಲು ಕೈಯಿರಲಿಲ್ಲ. ಕೊನೆಗೆ ತಾನಾಗಿ ಜಾಡಿಯೊಳಗೆ ಇಳಿದಳು, ಮರಿಗಳ ಸಮೇತ. ಮುಚ್ಚಳ ತಿರುಗಿಸಿ ನೆಲಕ್ಕೆ ಕುಸಿದು ಕೂತೆ. ತೊಟ್ಟಿಲನ್ನು ಹೊರಗೆ ಒಯ್ದು ಪ್ರತಿ ಸಂದಿಗೂ ಕುದಿಯುವ ನೀರು ಹೊಯ್ದೆವು. ಬಟ್ಟೆಗಳನ್ನು ಒಂದೊಂದಾಗಿ ಒದರಿದೆವು. ಕೋಣೆ, ಹಜಾರ, ಬಚ್ಚಲು, ಎಲ್ಲವನ್ನೂ ಎರಡೂ ಬೆಳಕಿನಲ್ಲಿ ಮತ್ತೆ ನೋಡಿದೆ. ಏನೂ ಇರಲಿಲ್ಲ.

"ಬೀಗರಿಗೆ ಹೇಳೋದು ಬೇಡ" ಎಂದರು ಯಜಮಾನರು. "ಸಿಕ್ತು, ಆಯ್ತು. ಇನ್ಯಾಕೆ?"

ಅಕ್ಕ ನನ್ನ ಮುಖ ನೋಡಿದರು. ನಾನು ಹೇಳಿದೆ: "ನಾನು ಬರೆದುಕೊಟ್ಟಿದ್ದು ಸುಳ್ಳಾಯ್ತು ಯಜಮಾನ್ರೇ. ಅದನ್ನ ನಾನು ಹೇಳ್ಲೇಬೇಕು." ಹೇಳಿದರೆ ಕಾರು ಬಂದ ದಾರಿಯಲ್ಲೇ ತಿರುಗಬಹುದು. ಐದು ತಿಂಗಳ ಸೌದೆ, ಇಪ್ಪತ್ತೈದು ವರ್ಷದ ಆಸೆ. ಅಕ್ಕ ಜಾಡಿಯನ್ನು ತಾವೇ ಕೈಗೆತ್ತಿಕೊಂಡರು. "ನನ್ನ ಮನೆ. ನಾನೇ ಹೇಳ್ತೀನಿ."

ಆರೂಮುಕ್ಕಾಲಿಗೆ ಕಾರು ಬಂತು. ಆರತಿ ತಟ್ಟೆ ಬಾಗಿಲಲ್ಲೇ ಇತ್ತು. ಅಕ್ಕ ಅದನ್ನು ಬಿಟ್ಟು ಜಾಡಿ ಹಿಡಿದು ಗೇಟಿಗೆ ಹೋದರು. "ಮಗಳೇ, ನೀನು ಇಳೀಬೇಡ. ಬೀಗರೇ, ನೀವೊಬ್ರು ಬನ್ನಿ." ಕಾರಿನ ಗಾಜಿನ ಹಿಂದೆ ಮಗಳ ಮುಖ, ಅವಳ ಎದೆಗೆ ಬಿಳಿ ಬಟ್ಟೆಯ ಪುಟ್ಟ ಗಂಟು. ಅಕ್ಕ ಒಂದೂ ಮುಚ್ಚಿಡದೆ ಹೇಳಿದರು. ಎಲ್ಲಿ ಸಿಕ್ಕಿತು ಎಂಬುದನ್ನೂ. ನಾನು ಪಕ್ಕದಲ್ಲಿ ನಿಂತು, ನಿನ್ನೆ ನೋಡದೆ ಬಿಟ್ಟದ್ದು ನನ್ನ ತಪ್ಪು ಎಂದೆ.

ಬೀಗಿತ್ತಿ ಕನ್ನಡಕ ಸರಿಮಾಡಿಕೊಂಡು ಜಾಡಿಗೆ ಬಗ್ಗಿದರು. "ಬೆನ್ನ ಮೇಲೆ ಬೆಳ್ಳಗೆ?"

"ಮರಿಗಳು."

"ಇಷ್ಟೂ?"

"ಇಷ್ಟೂ."

ಅವರು ನೆಟ್ಟಗಾದರು. ಕಾರಿನ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು.

"ನಮ್ಮ ಫ್ಲಾಟಲ್ಲಿ ನಾನು ಒಂದು ದಿನ ಮಂಚದ ಕೆಳಗೆ ಬಗ್ಗಿ ನೋಡಿಲ್ಲ" ಎಂದರು ಬೀಗಿತ್ತಿ. "ನೀವು ನೋಡಿದೀರಿ. ಕಂಡಿದ್ದನ್ನ ಹೇಳಿದ್ರಿ. ಇದಕ್ಕಿಂತ ಭದ್ರವಾದ ಜಾಗ ಎಲ್ಲಿಂದ ತರ್ಲಿ ನಾನು?" ಆಮೇಲೆ ನನ್ನ ಕಡೆ ತಿರುಗಿ ಬೆರಳು ತೋರಿಸಿದರು. "ಇದನ್ನ ಇವತ್ತು ಸಾಯಿಸ್ಬೇಡಿ. ಮನೆ ಇಲ್ಲದ ಕಡೆ ದೂರ ಬಿಡಿ. ಆ ಟಾರ್ಚು ಮಾತ್ರ ಇಲ್ಲೇ ಇರ್ಲಿ."

ಮರುದಿನ ಬೆಳಿಗ್ಗೆ ಜನವಸತಿಯಿಲ್ಲದ ಕಲ್ಲುಗುಡ್ಡೆಯ ಕುರುಚಲಿನಲ್ಲಿ ಅವಳನ್ನು ಬಿಟ್ಟು ಬಂದೆ. ಕೆಂಪು ಚೇಳನ್ನು ನಾನು ಜೀವಸಹಿತ ಬಿಟ್ಟದ್ದು ಅದೊಂದೇ.

ಆ ಸಂಜೆ ಬೀಗಿತ್ತಿಯ ಮಾತು ಮುಗಿದದ್ದೇ ಮಗಳು ಕಾರಿನಿಂದಿಳಿದು, ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ಅಕ್ಕ ಕೈ ತೊಳೆದು ಆರತಿ ತಟ್ಟೆ ಎತ್ತಿದರು. ಬೀಗಿತ್ತಿ ತಡೆದರು. "ಇರಿ. ಮೊದ್ಲು ಟಾರ್ಚು, ಆಮೇಲೆ ಆರತಿ."

ಯಜಮಾನರು ಸ್ಟೀಲಿನ ಹಲಗೆ ಎತ್ತಿಟ್ಟು ಲೈಟು ಆರಿಸಿದರು. ಮಗುವಿನ ಮುಖಕ್ಕೆ ಬೆಳಕು ಹೋಗದ ಹಾಗೆ ಕೈ ಅಡ್ಡ ಹಿಡಿದು, ಮಂಡಿಯೂರಿ, ಟಾರ್ಚು ಒತ್ತಿದೆ. ಅಂದು ಬೆಳಿಗ್ಗೆ ಅಕ್ಕ ಮನಸಾರೆ ಹಚ್ಚಿದ ಅರಿಶಿನ. ಹೊಸಿಲು ಈ ತುದಿಯಿಂದ ಆ ತುದಿಯವರೆಗೆ ಹೊಳೆಯಿತು. ಒಂದೊಂದು ಬೆರಳಗಲವನ್ನೂ ಬಿಡದೆ ನೋಡಿದೆ. ಕಪ್ಪು ಚುಕ್ಕೆ ಒಂದೂ ಇರಲಿಲ್ಲ.

"ಬಾ ತಾಯಿ" ಎಂದೆ. "ಬಲಗಾಲಿಟ್ಟು ಬಾ."